ಒರೆ

ಇನಾಸ್ ಹಸಿರು ಬಟ್ಟೆ ಹಾಸಿ ಎರಡನ್ನೂ ಇಟ್ಟ,
ಮೂತಿ ಗೋಡೆಗೆ, ಹಿಡಿ ನನಗೆ.
ನಾನೂ ಹೀಗೇ ಇಡುವವನು, ಮದುವೆ ಮನೆಯವರ ಎದುರು
ಕೆಂಪು ಮಖಮಲ್ಲಿನ ಮೇಲೆ ಬಳೆ,
ಮಾತಾಡದೆ, ಅವರ ಕೈ ಯಾವುದಕ್ಕೆ ಮೊದಲು ಹೋಗುತ್ತದೋ ನೋಡುತ್ತ.

ನನ್ನ ಕೈ ಯಾವುದಕ್ಕೂ ಹೋಗಲಿಲ್ಲ.

ಎಡಗಡೆಯದು ಸದಾಶಿವಗಡದ ಯಾರದೋ ಅಜ್ಜನದು.
ಝೆಕ್ ದೇಶದ್ದಂತೆ. ಹಿಡಿಯ ಗೀರೆಲ್ಲ ಸವೆದು
ಬಾವಿಕಟ್ಟೆಯಲ್ಲಿ ಹಗ್ಗ ಆಡಿದ ಜಾಗದಷ್ಟು ನುಣುಪು.
ಬಲಗಡೆ ಕಾನ್ಪುರದ ಹೊಸತು, ಪೆಟ್ಟಿಗೆ ಸಮೇತ,
ಜೊತೆಗೊಂದು ಬ್ರಶ್ಶು, ಹಿಂದಿಯಲ್ಲಿ ಬರೆದ ಚೀಟಿ.
ಹಳೆಯದಕ್ಕೇ ರೇಟು ಜಾಸ್ತಿ ಅಂದ.
ನನಗೆ ನಗು ಬಂತು.
ನಮ್ಮಲ್ಲಿ ಹಳತಾದರೆ ತೇಮಾನು ಕಳೆಯುತ್ತೇವೆ.

"ಬಂದರಿನ ಗಾಳಿ ಮಾರಾಯ್ರೆ, ಕಬ್ಬಿಣ ಅಂದ್ರೆ ಅದಕ್ಕೆ ಹಲ್ವಾ.
ವಾರಕ್ಕೊಮ್ಮೆ ಒರೆಸಿ.
ಕೊಬ್ಬರಿ ಎಣ್ಣೆ ಮಾತ್ರ ಹಚ್ಬೇಡಿ, ಅಂಟಾಗ್ತದೆ."
ಹೇಳುತ್ತಲೇ ಮ್ಯಾಗಜಿನ್ ಕಳಚಿದ, ಹೊಟ್ಟೆ ಬಿಚ್ಚಿ
ಖಾಲಿ ಎಂದು ತೋರಿಸಿದ, ಎರಡೆರಡು ಸಲ.
"ಒಂದು ಹೋದ್ರೆ ಇನ್ನೊಂದು ತಾನಾಗೇ ಬಂದು ಕೂರ್ತದೆ.
ಆದ್ರೆ ಪ್ರತಿಸಲ ಕುದುರೆ ಎಳೆಯೋದು ನೀವೇ."

ಎತ್ತಿ ನೋಡಿದೆ.
ಗುಲಗಂಜಿ ತೂಕದಲ್ಲಿ ಬೆಳೆದ ಕೈ ಇದು;
ಅರ್ಧ ಕಿಲೋ ಮೇಲಿನದೆಲ್ಲ ಇದಕ್ಕೆ ಕಲ್ಲು, ಅಷ್ಟೇ.
"ಒರೆ ಬೇಕಾ?" ಅಂದ ಇನಾಸ್.
ಜೇಬು ತಡಕಿದೆ, ಕಪ್ಪು ಕಲ್ಲು ಅಲ್ಲೇ ಇತ್ತು, ಅಪ್ಪನದು.
ಅವನು ಗೂಟದಿಂದ ತೆಗೆದದ್ದು ಚರ್ಮದ ಚೀಲ.

ಡಿಸಿ ಆಫೀಸಿನಲ್ಲಿ ಬರೆದುಕೊಟ್ಟ ಕಾರಣ: ಸ್ವರಕ್ಷಣೆ.
ಬರೆಯದೆ ಬಿಟ್ಟದ್ದು:
ಮೂರು ವರ್ಷದ ಹಿಂದೆ, ಕಾಜುಬಾಗದ ಅಂಗಡಿ,
ಕರೆಂಟು ಹೋದ ಸಂಜೆ,
ಹೆಲ್ಮೆಟ್ ತೆಗೆಯದೆ ಒಳಗೆ ಬಂದವನು
ಗಾಜಿನ ಮೇಲೆ ಕೊಯ್ತಾ ಇಟ್ಟ.
ಸರ ಬಾಚುವ ಆ ಬಲಗೈ ಹೆಬ್ಬೆರಳಲ್ಲಿ
ಅರ್ಧಚಂದ್ರದಂಥ ಸುಟ್ಟ ಕಲೆ.
ಟಂಕಣ ಸಿಡಿದದ್ದು, ನನ್ನದೇ ಕುಲುಮೆಯಲ್ಲಿ.
ಜೇನುತುಪ್ಪ ಹಚ್ಚಿ ಊದಿದವನು ನಾನು.
ಆಗ ಅವನಿಗೆ ಹದಿನಾಲ್ಕು.
ಊದುಕೊಳವೆ ಹಿಡಿದರೆ ಕೆನ್ನೆ ಉಬ್ಬಿಸಿ
ಬೊಗ್ಗಿ ಮೀನಿನ ಹಾಗೆ ಕಾಣುತ್ತಿದ್ದ.

ಪೊಲೀಸರು ಕೇಳಿದರು, ಗುರುತು?
ಹೆಲ್ಮೆಟ್ ಇತ್ತು ಅಂದೆ.
ಮನೆಯಲ್ಲಿ ಮುಕ್ತಾ ಕೇಳಲೇ ಇಲ್ಲ.
ಮರುದಿನ ಅರ್ಜಿ ನಮೂನೆ ತಂದು
ಊಟದ ತಟ್ಟೆಯ ಪಕ್ಕ ಇಟ್ಟಳು.

ಈಗ ಇನಾಸನ ಗೋಡೆಯ ಕ್ಯಾಲೆಂಡರಿಗೆ
(ಹಡಗಿನ ಚಿತ್ರ, ಮೇ ತಿಂಗಳು ಇನ್ನೂ ಮಗುಚಿಲ್ಲ)
ಗುರಿಯಿಟ್ಟು ಹಳೆಯದರ ಕುದುರೆ ಮುಟ್ಟಿದೆ.
ಮುಟ್ಟಿದ್ದಷ್ಟೇ. ಟಿಕ್.
ಬೆಸುಗೆ ಬಿಟ್ಟ ಕೊಂಡಿಯಷ್ಟು ಸಡಿಲ.
"ದೇ" ಎನ್ನುವಷ್ಟರಲ್ಲಿ ಮುಗಿದಿತ್ತು.

ಹೊಸದು ಬಗ್ಗಲಿಲ್ಲ.
ಬೆರಳು ಬಿಳುಚಿತು, ಮಣಿಕಟ್ಟು ನಡುಗಿತು,
ಮೊದಲು ಬರೀ ಎಳೆತ, ಆಮೇಲೆ ಒಂದು ತಡೆ,
ತಡೆಯ ಆಚೆಗೂ ಇನ್ನಷ್ಟು.
ಮನಸ್ಸಿನಲ್ಲೇ ಕರೆದು ನೋಡಿದೆ:
ದೇ
ವಿ
ದಾ
ಸ.
ಕೊನೆಯ ಅಕ್ಷರ ಮುಗಿದ ಮೇಲೂ
ಕುದುರೆ ಅರ್ಧ ದಾರಿಯಲ್ಲೇ ಇತ್ತು.

"ಅದು ಸ್ವಲ್ಪ ಬಿಗಿ," ಇನಾಸ್ ಮುಖ ಸಣ್ಣದು ಮಾಡಿದ.
"ನಿಮ್ಮ ವಯಸ್ಸಿಗೆ ಇದೇ ಹಗುರ. ಬೇಕಾದ್ರೆ
ಅದನ್ನೂ ಸಡಿಲ ಮಾಡಿಸಿ ಕೊಡ್ತೇನೆ, ಹುಬ್ಬಳ್ಳಿಯಲ್ಲಿ ಒಬ್ಬ ಇದ್ದಾನೆ."
ಬೇಡ, ಹಾಗೇ ಇರಲಿ ಅಂದೆ.
ರಿಜಿಸ್ಟರಿನಲ್ಲಿ ನಂಬರು ಬರೆದುಕೊಂಡ.
ಎಲೆಕ್ಷನ್ ಬಂದಾಗ ಠಾಣೆಗೆ ಒಪ್ಪಿಸಬೇಕು,
ಆಮೇಲೆ ನೆನಪಿನಿಂದ ವಾಪಸು ತರಬೇಕು ಅಂದ.
ಕೆಲವರು ಮರೆತೇಬಿಡುತ್ತಾರಂತೆ.

"ಗುಂಡು ಎಷ್ಟು ಕೊಡಲಿ?"

ಮೂವತ್ತೆಂಟು ವರ್ಷ ಈ ಪ್ರಶ್ನೆ ಕೇಳಿದವನು ನಾನು,
ತಾಳಿಯ ಎರಡು ಬದಿಗೆ ಪೋಣಿಸಲು ಬಂದವರಿಗೆ.
ಬಾಯಿ ರೂಢಿಯ ಉತ್ತರ ಕೊಟ್ಟುಬಿಟ್ಟಿತು:
ಎರಡು.
ಇನಾಸ್ ಪೆನ್ನು ಎತ್ತಿ ನೋಡಿದ.
ಹೊರಗೆ ಬೈತಖೋಲ್ ಕಡೆಯಿಂದ ಯಾವುದೋ ಹಡಗು ಕೂಗಿತು.
ಹತ್ತು, ಅಂತ ತಿದ್ದಿದೆ.